ಕೋಣೆಗೊಂದು ನಂಬರ್, ಕೈಗೊಂದು ನಂಬರ್

ಉಡುಪಿಯಲ್ಲಿ ಸಣ್ಣದೊಂದು ಫಿಸಿಯೋಥೆರಪಿ ಕ್ಲಿನಿಕ್ ತೆರೆಯಬೇಕೆಂದು ಹೊರಟಾಗ ಎಲ್ಲರೂ ಹೇಳಿದ್ದು ಒಂದೇ ಮಾತು: "ಮೊದಲು ಕೆಪಿಎಂಇ ಮಾಡಿಸಿ." ಕೆಪಿಎಂಇ ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007. ಆಸ್ಪತ್ರೆ, ನರ್ಸಿಂಗ್ ಹೋಂ, ಲ್ಯಾಬ್, ಸ್ಕ್ಯಾನಿಂಗ್ ಸೆಂಟರ್‌ಗಳ ಸಾಲಿನಲ್ಲಿ ಫಿಸಿಯೋಥೆರಪಿ ಸೆಂಟರ್ ಕೂಡ ಆ ಕಾಯ್ದೆಯಲ್ಲೇ ಇದೆ. ನೋಂದಣಿ ಇಲ್ಲದೆ ಬಾಗಿಲು ತೆರೆಯುವ ಹಾಗಿಲ್ಲ.

ಸರಿ, ನನ್ನ ಕೋಣೆಗೆ ನೋಂದಣಿ ಬೇಕು. ಆದರೆ ಆ ಕೋಣೆಯಲ್ಲಿ ರೋಗಿಯ ಕತ್ತು, ಸೊಂಟ, ಮಂಡಿ ಮುಟ್ಟುವ ನನಗೆ? ನಾನು ಓದು ಮುಗಿಸಿದಾಗ ನಮ್ಮ ರಾಜ್ಯದಲ್ಲಿ ಅಂಥದ್ದೊಂದು ಇರಲೇ ಇಲ್ಲ.

ನಾನು ಓದಿದ್ದು ಮಂಗಳೂರಿನಲ್ಲಿ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಬಿಪಿಟಿ, ಅಂದರೆ ಫಿಸಿಯೋಥೆರಪಿ ಪದವಿ. ನಾಲ್ಕು ವರ್ಷ ಓದು, ಆಮೇಲೆ ಆರು ತಿಂಗಳ ಇಂಟರ್ನ್‌ಶಿಪ್. ಇಂಟರ್ನ್‌ಶಿಪ್ ಮುಗಿದ ಕೂಡಲೇ ನಮ್ಮ ಜೊತೆ ವಾರ್ಡಿನಲ್ಲಿ ನಿಂತಿದ್ದ ಎಂಬಿಬಿಎಸ್‌ನವರು ಮೆಡಿಕಲ್ ಕೌನ್ಸಿಲ್‌ಗೆ ಅರ್ಜಿ ಹಾಕಿದರು. ನರ್ಸಿಂಗ್‌ನವರಿಗೆ ನರ್ಸಿಂಗ್ ಕೌನ್ಸಿಲ್, ಫಾರ್ಮಸಿಯವರಿಗೆ ಫಾರ್ಮಸಿ ಕೌನ್ಸಿಲ್. ಸ್ಪೀಚ್ ಥೆರಪಿ ಓದಿದ ನನ್ನ ಗೆಳತಿಗೂ ಒಂದು ಸಿಆರ್‌ಆರ್ (ಕೇಂದ್ರ ಪುನರ್ವಸತಿ ರಿಜಿಸ್ಟರ್) ನಂಬರ್ ಬಂತು, 1992ರ ಪುನರ್ವಸತಿ ಪರಿಷತ್ ಕಾಯ್ದೆಯ ದಯೆಯಿಂದ. ನಮಗೆ ಇದ್ದದ್ದು ಐಎಪಿ, ಅಂದರೆ 1955ರಲ್ಲಿ ಶುರುವಾದ ಫಿಸಿಯೋಥೆರಪಿಸ್ಟ್‌ಗಳ ಸಂಘ. ಸಂಘದ ಬಗ್ಗೆ ನನಗೆ ಗೌರವವೇ ಇದೆ. ಆದರೆ ಸಂಘ ಸಂಘವೇ. ಇಷ್ಟ ಇದ್ದವರು ಸೇರಬಹುದು, ಇಲ್ಲದವರು ಸುಮ್ನೆ ಇರಬಹುದು. ಒಬ್ಬರು ತಪ್ಪು ಚಿಕಿತ್ಸೆ ಕೊಟ್ಟರೆ ಸದಸ್ಯತ್ವ ತೆಗೆಯಬಹುದು, ಕೆಲಸ ನಿಲ್ಲಿಸಲು ಆಗುವುದಿಲ್ಲ.

ಇದು ಎಷ್ಟು ವಿಚಿತ್ರ ಎಂದು ನನಗೆ ಅರ್ಥವಾದದ್ದು ದುಬೈಗೆ ಹೋದಾಗ. ನಮ್ಮ ಕಡೆಯವರಿಗೆ ಗಲ್ಫ್ ದೂರವಲ್ಲ, ಮನೆಗೊಬ್ಬರು ಅಲ್ಲಿದ್ದಾರೆ. ಅಲ್ಲಿ ಕೆಲಸ ಸಿಗುವ ಮೊದಲು ಡೇಟಾಫ್ಲೋ ಎಂಬ ಪರಿಶೀಲನೆ. ನಾನು ಕೊಟ್ಟ ಸರ್ಟಿಫಿಕೇಟ್ ನೋಡಿ ಅವರು ನಂಬುವುದಿಲ್ಲ, ಅದನ್ನು ಕೊಟ್ಟವರನ್ನೇ ಕೇಳುತ್ತಾರೆ. ಆಮೇಲೆ ಪ್ರೊಮೆಟ್ರಿಕ್ ಎಂಬ ಲೈಸೆನ್ಸ್ ಪರೀಕ್ಷೆ. ಪಾಸಾದರೂ ಲೈಸೆನ್ಸ್ ಕೈಗೆ ಬರುವುದಿಲ್ಲ. ಒಂದು ಕ್ಲಿನಿಕ್ ನನ್ನನ್ನು ಸೇರಿಸಿಕೊಂಡರೆ ಮಾತ್ರ ಅದು ಚಾಲ್ತಿಗೆ ಬರುತ್ತದೆ. ಅಲ್ಲಿಯವರೆಗೆ ರೋಗಿಯನ್ನು ಮುಟ್ಟುವ ಹಾಗಿಲ್ಲ. ಆ ಕಾಗದಪತ್ರಗಳ ನಡುವೆ ಒಂದು ಪ್ರಶ್ನೆ ಇತ್ತು: ನಿಮ್ಮ ಊರಿನಲ್ಲಿ ನಿಮ್ಮ ನೋಂದಣಿ ಎಲ್ಲಿ? ದೆಹಲಿಯ ಸಹೋದ್ಯೋಗಿ ಅವರ ರಾಜ್ಯ ಪರಿಷತ್ತಿನ ನಂಬರ್ ಬರೆದಳು. ಅವರ ಕಾನೂನು 1997ರದ್ದು. ಮಹಾರಾಷ್ಟ್ರದವನಿಗೂ ಒಂದು ಇತ್ತು. ಕಾಲೇಜುಗಳು ಸಾಲುಸಾಲಾಗಿರುವ ಮಂಗಳೂರಿನಲ್ಲಿ ಓದಿದ ನನಗೆ ಬರೆಯಲು ಏನೂ ಇರಲಿಲ್ಲ. ವಿವರಣೆ ಪತ್ರ ಕೊಟ್ಟು ಹೇಗೋ ದಾಟಿದೆ.

ಅಲ್ಲಿ ನನಗೆ ತುಂಬ ಹಿಡಿಸಿದ್ದು ಇನ್ನೊಂದು. ದುಬೈ ಹೆಲ್ತ್ ಅಥಾರಿಟಿಯ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನನ್ನ ಹೆಸರು ಹುಡುಕಬಹುದಿತ್ತು. ಒಬ್ಬ ಅಜ್ಜ ಮೊದಲ ದಿನವೇ ಮೊಬೈಲ್ ಎತ್ತಿ ತೋರಿಸಿ, "ನೀನು ಇದರಲ್ಲಿ ಇದ್ದೀಯಾ, ನೋಡಿಯೇ ಬಂದೆ" ಎಂದಿದ್ದರು. ನನಗೆ ಬೇಸರವಾಗಲಿಲ್ಲ. ನೋವಿರುವವರು ಹಾಗೆ ನೋಡಿಯೇ ಬರಬೇಕು.

ಊರಿಗೆ ವಾಪಸಾಗಿ ಸಂತೆಕಟ್ಟೆಯ ಕಡೆ ಒಂದು ಜಾಗ ನೋಡಿದೆ. ಮೆಟ್ಟಿಲು ಇರಬಾರದು ಎಂಬುದು ನನ್ನ ಮೊದಲ ಷರತ್ತು. ಮಂಡಿ ನೋವಿನವರನ್ನು ಮಹಡಿ ಹತ್ತಿಸಿ ಚಿಕಿತ್ಸೆ ಕೊಡುವುದು ಯಾವ ನ್ಯಾಯ? ಕಟ್ಟಡದ ಯಜಮಾನರು ಒಳ್ಳೆಯವರು. ಬಾಡಿಗೆ ಕರಾರು ರಿಜಿಸ್ಟರ್ ಆಗಿರಬೇಕು, ಕೆಪಿಎಂಇಗೆ ಕೊಡಬೇಕು ಎಂದಾಗ ಮಾತ್ರ ಅವರಿಗೆ ನಗು ಬಂತು.

"ಎಂಥದ್ದು ಮಾರಾಯ್ರೆ, ಕೈಕಾಲು ಒತ್ತಿ ಕೊಡ್ಲಿಕ್ಕೂ ಲೈಸೆನ್ಸ್ ಬೇಕಾ?"

ಈ ಮಾತು ಕೇಳಿ ಕೇಳಿ ಅಭ್ಯಾಸವಾಗಿದೆ. ನಮ್ಮದು ಒತ್ತುವ ಕೆಲಸ ಅಲ್ಲ ಎಂದು ವಿವರಿಸಲು ಹೋದರೆ ಚಹಾ ಆರುತ್ತದೆ. ಆದರೂ ಇಲ್ಲಿ ಒಂದು ಸಂಗತಿ ಹೇಳಲೇಬೇಕು. ನಾನು ಇನ್ನೂ ಮನೆಮನೆಗೆ ಹೋಗಿ ಚಿಕಿತ್ಸೆ ಕೊಡುತ್ತಿದ್ದ ದಿನಗಳಲ್ಲಿ ಬೀಡಿ ಕಟ್ಟುವ ಅಕ್ಕನೊಬ್ಬರನ್ನು ನೋಡಲು ಕರೆದರು. ಸೊಂಟ ನೋವು. ಒಂದು ಕಡೆ ದಿನಾ ಹೋಗಿ 'ಕರೆಂಟ್', ಅಂದರೆ ಮಷಿನ್‌ನಿಂದ ವಿದ್ಯುತ್ ಚಿಕಿತ್ಸೆ, ಕೊಡಿಸಿಕೊಳ್ಳುತ್ತಿದ್ದರು. ಮಾತಾಡುತ್ತಾ ಕೇಳಿದರೆ, ಮೂತ್ರ ಬಂದದ್ದೇ ಗೊತ್ತಾಗುವುದಿಲ್ಲ, ಎರಡೂ ಕಾಲಿನ ಒಳಬದಿ ಜೋಮು ಎಂದರು. ಇದು ಕರೆಂಟ್ ಕೊಡುವ ನೋವಲ್ಲ. ಬೆನ್ನುಹುರಿಯ ಕೆಳತುದಿಯ ನರಗಳೆಲ್ಲ ಒತ್ತಿಹೋದಾಗ ಹೀಗಾಗುತ್ತದೆ. ತಡ ಮಾಡಿದರೆ ಮೂತ್ರದ ಹಿಡಿತ ಶಾಶ್ವತವಾಗಿ ಹೋಗಬಹುದು. ಅದೇ ದಿನ ಆಸ್ಪತ್ರೆಗೆ ಕಳಿಸಿದೆವು. ಮೊದಲು ಮಷಿನ್ ಇಟ್ಟವನು ಯಾರು, ಏನು ಓದಿದ್ದಾನೆ ಎಂದು ಆ ಮನೆಯವರಿಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲು ಒಂದು ಜಾಗವೂ ಇರಲಿಲ್ಲ.

ರಾತ್ರಿ ಹೊತ್ತು ಹೆಚ್ಚಾಗುವ ಬೆನ್ನು ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರದ ಜೊತೆಗಿನ ಬೆನ್ನು ನೋವು. ಇದನ್ನೆಲ್ಲ ಕೇಳಿ, ಬೇಕಾದರೆ 'ನನ್ನ ಕೆಲಸ ಅಲ್ಲ, ಡಾಕ್ಟರ ಹತ್ತಿರ ಹೋಗಿ' ಎಂದು ಹೇಳುವುದೇ ನಾಲ್ಕು ವರ್ಷದ ಓದಿನ ದೊಡ್ಡ ಭಾಗ. ಆರು ವಾರದ ಕೋರ್ಸಿನವನಿಗೆ ಮಷಿನ್‌ನ ಗುಂಡಿ ಗೊತ್ತಿರುತ್ತದೆ, ಅಷ್ಟೇ.

ಕೆಪಿಎಂಇ ಅರ್ಜಿ ಆನ್‌ಲೈನ್. ಜಿಲ್ಲಾಧಿಕಾರಿಗಳು ಅಧ್ಯಕ್ಷರಾಗಿರುವ ಪ್ರಾಧಿಕಾರ ನೋಂದಣಿ ಕೊಡುವುದು, ಜಿಲ್ಲಾ ಆರೋಗ್ಯಾಧಿಕಾರಿ ಅದರ ಸದಸ್ಯ ಕಾರ್ಯದರ್ಶಿ. ಒಮ್ಮೆ ಸಿಕ್ಕಿದರೆ 5 ವರ್ಷ. ಕಾಗದಗಳು ಒಂದೊಂದಾಗಿ ಸೇರಿಸುತ್ತಾ ಹೋದೆ: ಬಾಡಿಗೆ ಕರಾರು, ಕೋಣೆಯ ನಕ್ಷೆ, ಸಲಕರಣೆಗಳ ಪಟ್ಟಿ, ಚಿಕಿತ್ಸೆಯ ದರಪಟ್ಟಿ. ಜೈವಿಕ ತ್ಯಾಜ್ಯದ ಒಪ್ಪಂದ ಕೂಡ ಬೇಕು. ನಮ್ಮಲ್ಲಿ ಏನು ತ್ಯಾಜ್ಯ ಎಂದು ಕೇಳಬೇಡಿ, ನಾನು ಡ್ರೈ ನೀಡ್ಲಿಂಗ್ ಮಾಡುತ್ತೇನೆ, ಅಂದರೆ ಬಿಗಿದ ಸ್ನಾಯುವಿಗೆ ಔಷಧವಿಲ್ಲದ ಸಣ್ಣ ಸೂಜಿ ಚುಚ್ಚುವುದು. ಸೂಜಿಗಳು ಬಿಳಿ ಡಬ್ಬಿಗೆ, ರಕ್ತ ತಾಗಿದ ಹತ್ತಿ ಹಳದಿ ಚೀಲಕ್ಕೆ. ತ್ಯಾಜ್ಯ ಒಯ್ಯುವ ಸಂಸ್ಥೆಯ ಜೊತೆ ಒಪ್ಪಂದ, ಅದರ ಮೇಲೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ. ಹಾಸಿಗೆ ಇಲ್ಲದ ಕ್ಲಿನಿಕ್‌ಗಳಿಗೆ 2016ರ ನಿಯಮದಲ್ಲಿ ಈ ಅನುಮತಿ ಒಂದೇ ಸಲಕ್ಕೆ ಮುಗಿಯುತ್ತದೆ, ಪದೇಪದೇ ನವೀಕರಿಸಬೇಕಿಲ್ಲ. ಕಾನೂನು ಮಾಡಿದವರು ಸಣ್ಣವರ ಬಗ್ಗೆ ಯೋಚಿಸಿದ ಅಪರೂಪದ ಜಾಗ ಇದು.

ಆಮೇಲೆ ಸಿಬ್ಬಂದಿಯ ವಿವರ. ಹೆಸರು, ವಿದ್ಯಾರ್ಹತೆ, ಪರಿಷತ್ತಿನ ನೋಂದಣಿ ಸಂಖ್ಯೆ. ಅಲ್ಲಿಗೆ ನಿಂತೆ.

ಬೇರೆ ಕ್ಲಿನಿಕ್‌ನವರನ್ನು ಕೇಳಿದೆ. ಹಳಬರು ಐಎಪಿ ನಂಬರ್ ಹಾಕಿದ್ದಾರೆ. ಇನ್ನೊಬ್ಬರು ವಿಶ್ವವಿದ್ಯಾಲಯದ ರಿಜಿಸ್ಟರ್ ನಂಬರ್ ಹಾಕಿದ್ದರಂತೆ, ಅದೂ ನಡೆದಿದೆ. 2007ರಿಂದ ಕಟ್ಟಡಕ್ಕೆ ಕಾನೂನು ಇತ್ತು, ಕೆಲಸ ಮಾಡುವ ಕೈಗೆ ಇರಲಿಲ್ಲ. ಹಾಗಾಗಿ ಆ ಖಾನೆಗೆ ಯಾವ ನಂಬರ್ ಬಂದರೂ ನೋಡುವವರಿಗೆ ಸರಿಯೇ. 2017ರ ನವೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದ ಹೊತ್ತಿಗೆ ಖಾಸಗಿ ವೈದ್ಯರು ಇದೇ ಕೆಪಿಎಂಇ ತಿದ್ದುಪಡಿಯ ವಿರುದ್ಧ ಬಾಗಿಲು ಮುಚ್ಚಿ ಬೀದಿಗಿಳಿದದ್ದು ನೆನಪಿರಬಹುದು. ಆಗ ರಮೇಶ್ ಕುಮಾರ್ ಆರೋಗ್ಯ ಸಚಿವರು. ದರ ಯಾರು ನಿಗದಿ ಮಾಡಬೇಕು, ಡಾಕ್ಟರರನ್ನು ಜೈಲಿಗೆ ಹಾಕಬಹುದಾ, ಇದೇ ಚರ್ಚೆ. ನಾನು ಅದನ್ನೆಲ್ಲ ಮೊಬೈಲಿನಲ್ಲಿ ಓದುತ್ತಿದ್ದೆ. ಫಿಸಿಯೋಥೆರಪಿ ಸೆಂಟರಿನ ಒಳಗೆ ಕೂತವರು ಯಾರು ಎಂಬ ಪ್ರಶ್ನೆ ಆ ಗಲಾಟೆಯಲ್ಲಿ ನನ್ನ ಕಣ್ಣಿಗಂತೂ ಬೀಳಲಿಲ್ಲ.

ಕೇಂದ್ರದಲ್ಲಿ ಪ್ರಯತ್ನ ಆಗಿರಲಿಲ್ಲ ಅಂತಲ್ಲ. 2007ರಲ್ಲೇ ಲೋಕಸಭೆಯಲ್ಲಿ ಒಂದು ಮಸೂದೆ ಬಂತು, ಪ್ಯಾರಾಮೆಡಿಕಲ್ ಮತ್ತು ಫಿಸಿಯೋಥೆರಪಿ ಪರಿಷತ್ತುಗಳದ್ದು. ಅದು ಹಾಗೆಯೇ ಬಿದ್ದುಹೋಯಿತು. 2018ರ ಕೊನೆಯ ದಿನ ರಾಜ್ಯಸಭೆಯಲ್ಲಿ ಇನ್ನೊಂದು. ಅದನ್ನು ಸ್ಥಾಯಿ ಸಮಿತಿ ನೋಡಿತು, ಹಿಂದೆ ತೆಗೆದರು, ಹೊಸದು ತಂದರು. ಕಡೆಗೆ 2021ರ ಮಾರ್ಚ್‌ನಲ್ಲಿ ಎರಡೂ ಸದನಗಳಲ್ಲಿ ಪಾಸಾಯಿತು. ಹೆಸರು ಉದ್ದ: ಸಂಯೋಜಿತ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ. ಲ್ಯಾಬ್ ಟೆಕ್ನಿಷಿಯನ್, ಎಕ್ಸ್-ರೇ, ಡಯಾಲಿಸಿಸ್, ಕಣ್ಣಿನ ಪರೀಕ್ಷೆ, ಪಥ್ಯಾಹಾರ, ಆಕ್ಯುಪೇಷನಲ್ ಥೆರಪಿ, ನಾವು, ಹೀಗೆ ಹತ್ತು ಗುಂಪಿನಲ್ಲಿ ಐವತ್ತಕ್ಕೂ ಜಾಸ್ತಿ ವೃತ್ತಿಗಳು. ನಮ್ಮ ಮಟ್ಟಿಗೆ ಮುಖ್ಯವಾದದ್ದು ಅನುಸೂಚಿಯ ಒಂದು ಸಾಲು. ಫಿಸಿಯೋಥೆರಪಿಸ್ಟ್ ಸ್ವತಂತ್ರವಾಗಿಯೂ ಕೆಲಸ ಮಾಡಬಹುದು, ತಂಡದ ಜೊತೆಗೂ ಮಾಡಬಹುದು, ಕನಿಷ್ಠ ಪದವಿ ಇರಬೇಕು ಎಂದು ಅದರಲ್ಲಿದೆ. 'ನೀವು ಡಾಕ್ಟರ ಕೈಕೆಳಗೆ ತಾನೇ?' ಎಂದು ಕೇಳುವವರಿಗೆ ತೋರಿಸಲು ನಾನು ಅದನ್ನು ಪ್ರಿಂಟ್ ತೆಗೆದು ಇಟ್ಟುಕೊಂಡಿದ್ದೇನೆ.

ಕಾಯ್ದೆ ಬಂದ ಮೇಲೆ ಆರು ತಿಂಗಳೊಳಗೆ ರಾಜ್ಯಗಳು ಪರಿಷತ್ತು ರಚಿಸಬೇಕಿತ್ತು. ಎಷ್ಟೋ ರಾಜ್ಯಗಳು ಮಾಡಲಿಲ್ಲ. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅಕ್ಟೋಬರ್ 12ರ ಗಡುವು ಕೊಡಬೇಕಾಯಿತು. ಸಂಸತ್ತು ಒಪ್ಪಿದ ಕಾನೂನನ್ನು ಜಾರಿ ಮಾಡಿ ಎಂದು ಹೇಳಲು ಕೋರ್ಟ್ ಬೇಕು ಅಂದರೆ ನೋಡಿ.

ಹೀಗಾಗಿ ನಾನು ಅರ್ಜಿ ಹಾಕುವ ಹೊತ್ತಿಗೆ ನಮ್ಮಲ್ಲೂ ರಾಜ್ಯ ಪರಿಷತ್ತು ಎಂಬುದೊಂದು ಇತ್ತು. ಕೆಪಿಎಂಇ ಅರ್ಜಿಗೆ ಸದ್ಯಕ್ಕೆ ಐಎಪಿ ನಂಬರ್ ಹಾಕಿ, 'ರಾಜ್ಯ ಪರಿಷತ್ತಿಗೆ ಅರ್ಜಿ ಸಲ್ಲಿಸಲಾಗಿದೆ' ಎಂದು ಪಕ್ಕದಲ್ಲೇ ಪತ್ರ ಲಗತ್ತಿಸಿದೆ. ಆಫೀಸಿನ ಗುಮಾಸ್ತರೇ ಹೇಳಿಕೊಟ್ಟ ದಾರಿ ಇದು.

ಪರಿಷತ್ತಿನ ಅರ್ಜಿಯಲ್ಲಿ ಕಷ್ಟದ್ದೇನೂ ಇರಲಿಲ್ಲ, ನನ್ನ ಹೆಸರೊಂದು ಬಿಟ್ಟು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರು, ಮುಂದೆ ಅಮ್ಮನ ಮನೆಯ ಇನಿಷಿಯಲ್. ಪದವಿ ಸರ್ಟಿಫಿಕೇಟಿನಲ್ಲಿ ಇನಿಷಿಯಲ್ ಹಿಂದಕ್ಕೆ ಹೋಗಿದೆ. ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿಕೊಂಡು ಉದ್ದದ ಹೆಸರಾಗಿದೆ. ಮದುವೆಯಾದ ಮೇಲೆ ಆಧಾರ್‌ನಲ್ಲಿ ಗಂಡನ ಮನೆತನದ ಹೆಸರು ಬಂದು ಕೂತಿದೆ. ಈ ಜಿಲ್ಲೆಗಳಲ್ಲಿ ಗಲ್ಫ್‌ಗೆ ಹೋಗಿಬಂದ ಯಾವ ಹೆಂಗಸನ್ನೂ ಕೇಳಿ, ಇದೇ ಕತೆ. ಕೋರ್ಟ್ ಪಕ್ಕದಲ್ಲಿ ಸ್ಟಾಂಪ್ ಪೇಪರ್ ಮೇಲೆ 'ಈ ಎಲ್ಲ ಹೆಸರುಗಳೂ ಒಬ್ಬಳದೇ' ಎಂದು ಅಫಿಡವಿಟ್ ಮಾಡಿಸಿದೆ. ನೋಟರಿಯವರು ಓದಿ ನೋಡಿ, "ನಾಲ್ಕು ಜನ ಇದ್ದೀರಲ್ಲ ಮೇಡಂ, ಫೀಸ್ ಒಬ್ಬರದ್ದೇ ಸಾಕಾ?" ಎಂದು ತಮಾಷೆ ಮಾಡಿದರು.

ಅಷ್ಟರಲ್ಲಿ ಬೋರ್ಡಿನ ವಿಷಯ. 2025ರಲ್ಲಿ, 2021ರ ಕಾಯ್ದೆಯ ಆ ರಾಷ್ಟ್ರೀಯ ಆಯೋಗ ಹೊಸ ಪಠ್ಯಕ್ರಮ ತಂದಿತ್ತು. ಫಿಸಿಯೋಥೆರಪಿಸ್ಟ್‌ಗಳು ಹೆಸರಿನ ಹಿಂದೆ 'ಡಾ.' ಹಾಕಿ, ಕೊನೆಗೆ 'ಪಿಟಿ' ಸೇರಿಸಬಹುದು ಎಂದು ಅದರಲ್ಲಿತ್ತು. ಸೆಪ್ಟೆಂಬರ್ 9ಕ್ಕೆ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯದಿಂದ ಪತ್ರ ಹೊರಬಿತ್ತು, ಹಾಕಬಾರದು ಎಂದು. ಮರುದಿನವೇ ಆ ಪತ್ರ ವಾಪಸ್. ಇಲ್ಲಿ ನನ್ನ ಫ್ಲೆಕ್ಸ್ ಅಂಗಡಿಯ ಹುಡುಗ ಡಿಸೈನ್ ರೆಡಿ ಮಾಡಿ ಕೂತಿದ್ದಾನೆ.

"ಮೇಡಂ, 'ಡಾ' ಇಡ್ಬೇಕಾ ತೆಗೀಬೇಕಾ? ಈಗ ಹೇಳಿ, ಪ್ರಿಂಟಿಗೆ ಹಾಕ್ಲಿಕ್ಕುಂಟು."

ತೆಗೆದುಬಿಡು ಎಂದೆ. ನನ್ನ ಜೊತೆ ಓದಿದವರಲ್ಲಿ ಇದಕ್ಕೆ ಬೈದವರಿದ್ದಾರೆ. ಹಕ್ಕನ್ನು ಬಿಟ್ಟುಕೊಡಬಾರದು ಎನ್ನುತ್ತಾರೆ. ಅವರ ವಾದದಲ್ಲೂ ಹುರುಳಿದೆ. ದಂತವೈದ್ಯರು, ಆಯುರ್ವೇದದವರು ಹಾಕಬಹುದಾದರೆ ನಾವು ಯಾಕೆ ಹಾಕಬಾರದು? ಆದರೆ ಮಲ್ಪೆಯಿಂದ ಬರುವ ಮೀನುಗಾರನಿಗೆ ನನ್ನ ಹೆಸರಿನ ಹಿಂದೆ ಏನಿದೆ ಎಂಬುದಕ್ಕಿಂತ, ನಾನು ಏನು ಮಾಡಬಲ್ಲೆ, ಏನು ಮಾಡಲಾರೆ ಎಂಬುದು ಗೊತ್ತಾಗಬೇಕು. 'ಫಿಸಿಯೋಥೆರಪಿಸ್ಟ್' ಎಂಬುದನ್ನೇ ದೊಡ್ಡದಾಗಿ ಹಾಕಿಸಿದೆ. ನಂಬರ್‌ಗೆ ಕೆಳಗೆ ಜಾಗ ಖಾಲಿ ಬಿಟ್ಟೆ. ಎರಡು ನಂಬರಿಗೆ.

ತಪಾಸಣೆಗೆ ಬಂದ ತಂಡ ಸಜ್ಜನರೇ. ಅಗ್ನಿಶಾಮಕ ನೋಡಿದರು, ಶೌಚಾಲಯ, ರ‍್ಯಾಂಪ್, ಗೋಡೆಯ ಮೇಲಿನ ದರಪಟ್ಟಿ ನೋಡಿದರು. ಬಿಳಿ ಡಬ್ಬಿಯ ಮುಚ್ಚಳ ತೆಗೆದು ನೋಡಿದರು. ಕತ್ತು, ಸೊಂಟವನ್ನು ಮೆಲ್ಲಗೆ ಎಳೆಯುವ ಟ್ರ್ಯಾಕ್ಷನ್ ಮಷಿನ್ ಹೇಗೆ ಕೆಲಸ ಮಾಡುತ್ತದೆ ಎಂದು ಒಬ್ಬರಿಗೆ ಕುತೂಹಲ, ಅವರಿಗೂ ಕತ್ತು ನೋವಂತೆ. ದರಪಟ್ಟಿ ಇಂಗ್ಲಿಷಿನಲ್ಲಿ ಮಾತ್ರ ಇದೆ, ಕನ್ನಡದಲ್ಲೂ ಹಾಕಿ ಎಂದರು. ಸರಿಯಾದ ಮಾತು, ಮರುದಿನವೇ ಹಾಕಿದೆ. ನಾನು ಮಂಗಳೂರಿನಲ್ಲಿ ಓದಿದ್ದೇನೆ ಎಂದಾಗ "ಓ, ಹಾಗಾದರೆ ತೊಂದರೆ ಇಲ್ಲ" ಎಂದರು. ಪದವಿ ಸರ್ಟಿಫಿಕೇಟ್ ಮೇಜಿನ ಮೇಲೆಯೇ ಇತ್ತು. ಅದನ್ನು ಯಾರೂ ಕೈಗೆತ್ತಿಕೊಳ್ಳಲಿಲ್ಲ. ಅದನ್ನು ನೋಡುವುದು ಅವರ ಪಟ್ಟಿಯಲ್ಲಿ ಇರಲಿಲ್ಲ ಎಂದು ಕಾಣುತ್ತದೆ.

ನಂತರ ಫೈಲ್ ಒಂದು ಕಡೆ ಕೂತಿತು. ಎಲ್ಲಿ ಎಂದು ಹೇಳುವುದು ಬೇಡ. ಸಭೆ ಆಗಬೇಕು, ಸಭೆಗೆ ದಿನ ಸಿಗಬೇಕು, ಸಭೆ ಇದ್ದ ದಿನ ಮಳೆಯ ರೆಡ್ ಅಲರ್ಟ್. ಕರಾವಳಿಯಲ್ಲಿ ಮಳೆಗಾಲಕ್ಕೆ ಫೈಲುಗಳೂ ಒದ್ದೆಯಾಗುತ್ತವೆ. ಬಾಡಿಗೆ ಮಾತ್ರ ತಿಂಗಳು ತಿಂಗಳು ಸರಿಯಾಗಿ ಹೋಗುತ್ತಿತ್ತು. ಒಳದಾರಿ ಇದೆ ಎಂದು ಒಬ್ಬರು ಫೋನ್ ಮಾಡಿದರು. ಬೇಡ ಎಂದೆ. ಆಮೇಲೆ 'ಸಕಾಲ' (ಸರ್ಕಾರಿ ಸೇವೆಯನ್ನು ಗೊತ್ತಾದ ದಿನದೊಳಗೆ ಕೊಡಬೇಕೆಂಬ ವ್ಯವಸ್ಥೆ) ಬಗ್ಗೆ ವಿಚಾರಿಸಿ ಲಿಖಿತವಾಗಿ ಸ್ಥಿತಿ ಕೇಳಿದ ಮೇಲೆ ಕೆಪಿಎಂಇ ಸರ್ಟಿಫಿಕೇಟ್ ಬಂತು. ಪರಿಷತ್ತಿನ ನಂಬರ್ ಅದಾದ ಮೇಲೆ ಬಂತು. ಹೆಸರು ಪಾಸ್‌ಪೋರ್ಟಿನಲ್ಲಿದ್ದ ಹಾಗೆ. ಬೋರ್ಡಿನ ಖಾಲಿ ಜಾಗದಲ್ಲಿ ಎರಡೂ ಸ್ಟಿಕ್ಕರ್ ಅಂಟಿಸಿದೆವು. ಕಟ್ಟಡದ ಯಜಮಾನರು ಸ್ಟಿಕ್ಕರ್ ನೋಡಿ, "ಒಂದು ಸಾಕಿತ್ತಲ್ಲ?" ಎಂದರು.

ಸಾಕಾಗುವುದಿಲ್ಲ. ಈಗ ಇದನ್ನು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಈ ಎರಡು ನಂಬರ್‌ಗಳಿಗೆ ಪರಸ್ಪರ ಪರಿಚಯವೇ ಇಲ್ಲ. ಕೆಪಿಎಂಇ ದಾಖಲೆಯಲ್ಲಿ ಈಗಲೂ ನನ್ನ ಐಎಪಿ ನಂಬರೇ ಇದೆ. ಬದಲಿಸಲು ಬೇರೆ ಅರ್ಜಿ ಕೊಟ್ಟಿದ್ದೇನೆ. ನಾಳೆ ಪರಿಷತ್ತು ಒಬ್ಬರ ಹೆಸರನ್ನು ತೆಗೆದುಹಾಕಿದರೆ ಅವರ ಕ್ಲಿನಿಕ್ಕಿನ ನೋಂದಣಿ ತಾನಾಗಿ ನಿಲ್ಲಬೇಕು. ಕ್ಲಿನಿಕ್ಕಿಗೆ ಅರ್ಜಿ ಹಾಕುವಾಗಲೇ ನನ್ನ ಪರಿಷತ್ತಿನ ವಿವರ ತಾನಾಗಿ ಬಂದು ಕೂರಬೇಕು. ದುಬೈಯಲ್ಲಿ ಲೈಸೆನ್ಸ್ ಮತ್ತು ಕ್ಲಿನಿಕ್ ಒಂದಕ್ಕೊಂದು ಕಟ್ಟಿಕೊಂಡಿದ್ದವು. ಹಾಗೆ ಮಾಡುವುದಕ್ಕೆ ಹೊಸ ಕಾಯ್ದೆ ಬೇಕಿಲ್ಲ ಎಂದು ನನಗನಿಸುತ್ತದೆ. ಕೆಪಿಎಂಇ ನಿಯಮದಲ್ಲಿ ಒಂದು ಸಾಲು, ಎರಡು ಸಾಫ್ಟ್‌ವೇರ್‌ಗಳ ನಡುವೆ ಒಂದು ಕೊಂಡಿ.

ಇನ್ನೊಂದು, ಪಟ್ಟಿ ರೋಗಿಗೆ ಕಾಣಬೇಕು. 2021ರ ಕಾಯ್ದೆ ರಾಜ್ಯಕ್ಕೊಂದು, ದೇಶಕ್ಕೊಂದು ರಿಜಿಸ್ಟರ್ ಇರಬೇಕು ಎನ್ನುತ್ತದೆ. ಅದನ್ನು ಕನ್ನಡದಲ್ಲಿ, ಊರಿನ ಹೆಸರು ಹಾಕಿ ಹುಡುಕುವ ಹಾಗೆ ಮಾಡಬೇಕು. ಶಂಕರಪುರದಲ್ಲಿ ಮಲ್ಲಿಗೆ ಕಟ್ಟಿ ಕಟ್ಟಿ ಕತ್ತು ಹಿಡಿದುಕೊಂಡಿರುವ ಅಮ್ಮನಿಗೆ ನನ್ನ ನೋಂದಣಿ ಸಂಖ್ಯೆ ಏನಕ್ಕೆ? 'ಕಾಪು' ಎಂದು ಟೈಪ್ ಮಾಡಿದರೆ ಅಲ್ಲಿ ಯಾರ್‍ಯಾರು ಇದ್ದಾರೆ ಎಂದು ಅವರ ಮಗನಿಗೆ ಸಿಕ್ಕಿದರೆ ಸಾಕು. ನಮ್ಮಲ್ಲಿಗೆ ಕಾಸರಗೋಡಿನಿಂದಲೂ ಜನ ಬರುತ್ತಾರೆ, ಅಲ್ಲಿ ಓದಿದವರು ಇಲ್ಲಿ ಕೆಲಸ ಮಾಡುತ್ತಾರೆ. ದೇಶದ ಪಟ್ಟಿ ಸರಿಯಾಗಿದ್ದರೆ ಗಡಿಯ ಈಚೆ ಆಚೆ ಎಂಬ ತಲೆನೋವೂ ಇಲ್ಲ.

ನಾಟಿ ವೈದ್ಯರನ್ನೂ ಇದರಲ್ಲಿ ಸೇರಿಸುತ್ತೀರಾ ಎಂದು ನನ್ನ ಅಮ್ಮ ಕೇಳಿದರು. ಅವರ ಮುರಿದ ಮಣಿಕಟ್ಟು ಕೂಡಿಸಿದ್ದು ಒಬ್ಬ ನಾಟಿ ವೈದ್ಯರೇ. ಅದು ಬೇರೆ ಪ್ರಶ್ನೆ, ಅದಕ್ಕೆ ಬೇರೆ ಉತ್ತರ ಬೇಕು. ಅವರು ತಾವು ಫಿಸಿಯೋಥೆರಪಿಸ್ಟ್ ಎಂದು ಎಲ್ಲೂ ಹೇಳಿಕೊಂಡವರಲ್ಲ. ನನ್ನ ತಕರಾರು ಹೇಳಿಕೊಳ್ಳುವವರ ಮೇಲೆ.

ಆ ಬಗ್ಗೆಯೂ ಒಂದು ಅನುಭವ ಆಯಿತು. ಬೀಡಿ ಕಟ್ಟುವ ಅಕ್ಕನಿಗೆ ಕರೆಂಟ್ ಕೊಟ್ಟಿದ್ದ ಆ ಜಾಗದ ಬೋರ್ಡಿನಲ್ಲಿ ಮೊದಲು 'ಫಿಸಿಯೋಥೆರಪಿ' ಎಂದಿತ್ತು. ಪರಿಷತ್ತಿನ ಸುದ್ದಿ ಪತ್ರಿಕೆಗಳಲ್ಲಿ ಬಂದ ಮೇಲೆ ಅದು 'ನೋವು ನಿವಾರಣಾ ಕೇಂದ್ರ' ಆಗಿದೆ. ಮಷಿನ್ ಅದೇ, ಮನುಷ್ಯ ಅವನೇ. ಹೊಸ ಕಾಯ್ದೆ ನಮ್ಮ ವೃತ್ತಿಯ ಹೆಸರನ್ನು ಕಾಪಾಡುತ್ತದೆ, ಅವನು ಹೆಸರನ್ನೇ ಬಿಟ್ಟುಬಿಟ್ಟ. ಆದರೆ ಹಳೆಯ ಕೆಪಿಎಂಇಯಲ್ಲಿ ಒಂದು ಒಳ್ಳೆಯ ಮಾತಿದೆ: ಯಾವ ಹೆಸರಿನಿಂದ ಕರೆದರೂ, ಜನರಿಗೆ ಚಿಕಿತ್ಸೆ ಕೊಡುವ ಜಾಗ ಅದರ ಅಡಿಗೆ ಬರುತ್ತದೆ. ಆಫೀಸಿನಲ್ಲಿ ಇದನ್ನು ಹೇಳಿದೆ.

"ಬರೆದು ಕೊಡಿ ಮೇಡಂ, ನೋಡುವ," ಎಂದರು.

ಬರೆದು ಕೊಟ್ಟೆ. ಸೀಲ್ ಹಾಕಿದ ಪ್ರತಿ ನನ್ನ ಹತ್ತಿರ ಇದೆ. ಆ ಅಕ್ಕನ ಮನೆಯವರೂ ಸಹಿ ಮಾಡಿದ್ದಾರೆ. ವಿಚಾರಣೆಗೆ ಕರೆದರೆ ಆಸ್ಪತ್ರೆಯ ಕಾಗದ ಹಿಡಿದುಕೊಂಡು ಬರುತ್ತೇವೆ ಎಂದಿದ್ದಾರೆ.